45 ನಿಮಿಷಕ್ಕೆ ಒಂದು ಸ್ಟಾರ್

ಶಿಕಾಗೋ ಕಡೆ ಡೀಪ್ ಡಿಶ್ ಅನ್ನುವ ದಪ್ಪನೆಯ ಪಿಜ್ಜಾ ತಿನ್ನಲು ಹೋದವರಿಗೆ ಪಿಜ್ಜಾಗಿಂತ ಮೊದಲು ಸಿಗುವುದು ಬಿಡುವು. ಆರ್ಡರ್ ಕೊಟ್ಟಾಗಿದೆ, ಕೋಕ್ ಬಂದಿದೆ, ಸಲಾಡ್ ಖಾಲಿಯಾಗಿದೆ, ಮಗ ಬಣ್ಣದ ಪೆನ್ಸಿಲ್‌ಗಳನ್ನೆಲ್ಲ ಮೇಜಿನ ಕೆಳಗೆ ಬೀಳಿಸಿ ಮುಗಿಸಿದ್ದಾನೆ. ಇನ್ನೂ ಅರ್ಧ ಗಂಟೆ ಇದೆ. ಈ ಹೊತ್ತಿನಲ್ಲಿ ನನಗೊಂದು ಚಟ ಹತ್ತಿಕೊಂಡಿದೆ. ಕೂತಿರುವ ಅಂಗಡಿಯ ರಿವ್ಯೂಗಳನ್ನೇ ಫೋನಿನಲ್ಲಿ ಓದುವುದು. "ಆರ್ಡರ್ ಕೊಟ್ಟಾದ ಮೇಲೆ ಓದಿ ಏನೇ ಉಪಯೋಗ?" ಅಂತ ನನ್ನ ಗಂಡ ಪ್ರತಿ ಸಲ ಕೇಳುತ್ತಾನೆ. ಉಪಯೋಗ ಏನೂ ಇಲ್ಲ. ಆದರೂ ಬಿಡಲು ಮನಸ್ಸು ಬರುವುದಿಲ್ಲ.

ನಾನು ಹೇಳುತ್ತಿರುವುದು ನಮ್ಮ ಸಬರ್ಬಿನ ಒಂದು ಸಾದಾ ಅಂಗಡಿಯ ಬಗ್ಗೆ. ಹೆಸರು ಬೇಡ. ಕೆಂಪು-ಬಿಳಿ ಚೌಕಳಿ ಮೇಜುಬಟ್ಟೆ, ಗೋಡೆ ತುಂಬಾ ಬೇರ್ಸ್ ಮತ್ತು ಕಬ್ಸ್ ಆಟಗಾರರ ಫೋಟೋಗಳು, ಮೂಲೆಯ ಟಿವಿಯಲ್ಲಿ ಯಾವುದೋ ಮ್ಯಾಚು. ಚಪ್ಪಲಿ ಹಾಕಿಕೊಂಡು ಹೋದರೂ ಯಾರೂ ನೋಡದಂಥ ಜಾಗ. ಅದರ ರಿವ್ಯೂ ಓದಿದರೆ ತಲೆ ಕೆಡುತ್ತದೆ. ಒಂದೇ ಶನಿವಾರ, ಒಂದೇ ಓವನ್, ಅದೇ ಹಿಟ್ಟು, ಅದೇ ಟೊಮೆಟೊ. ಒಬ್ಬರು ಜನ್ಮದಲ್ಲಿ ಇಂಥದ್ದು ತಿಂದಿಲ್ಲ ಅಂತ ಐದು ಸ್ಟಾರ್ ಕೊಟ್ಟಿರುತ್ತಾರೆ. ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟು, ಸೊನ್ನೆ ಕೊಡಲು ಜಾಗ ಇಲ್ಲವಲ್ಲ ಅಂತ ಬೇಜಾರು ಮಾಡಿಕೊಂಡಿರುತ್ತಾರೆ. ನಾಲಿಗೆ ಬೇರೆ, ರುಚಿ ಬೇರೆ ಅಂದುಕೊಂಡು ಬಿಟ್ಟುಬಿಡಬಹುದಿತ್ತು. ಆದರೆ ಒಂದು ಸ್ಟಾರಿನವರು ರುಚಿಯ ಮಾತನ್ನೇ ಎತ್ತಿರುವುದಿಲ್ಲ. ಅವರ ಸಿಟ್ಟೆಲ್ಲ ಗಡಿಯಾರದ ಮೇಲೆ.

ಓವನ್ನಿನ ಲೆಕ್ಕ

ಈ ಪಿಜ್ಜಾವನ್ನು ಬೇಗ ಮಾಡಲು ಆಗುವುದಿಲ್ಲ. ಮಾಡುವವರ ಸೋಮಾರಿತನವಲ್ಲ, ಅದರ ಮೈಕಟ್ಟೇ ಹಾಗೆ. ಎರಡಂಗುಲ ಎತ್ತರದ ಅಂಚಿರುವ ದುಂಡು ಪ್ಯಾನಿಗೆ ಎಣ್ಣೆ ಸವರಿ, ಹಿಟ್ಟನ್ನು ಬೆರಳಲ್ಲಿ ಒತ್ತುತ್ತಾ ಅಂಚಿನ ಮೇಲಕ್ಕೂ ಹತ್ತಿಸುತ್ತಾರೆ. ಮೊದಲು ಹಾಕುವುದು ಚೀಸು, ಅದೂ ತುರಿಯಲ್ಲ, ಮೊಝರೆಲ್ಲಾದ ಬಿಲ್ಲೆಗಳು. ಅದರ ಮೇಲೆ ಸಾಸೇಜೋ, ಪಾಲಕ್ಕೋ, ಈರುಳ್ಳಿಯೋ. ಎಲ್ಲಕ್ಕಿಂತ ಮೇಲೆ ಜಜ್ಜಿದ ಟೊಮೆಟೊ. ಮಾಮೂಲಿ ಪಿಜ್ಜಾಗೆ ಇದು ಪೂರ್ತಿ ತಲೆಕೆಳಗು. ಇಷ್ಟು ದಪ್ಪ ಬೇಯಬೇಕಾದರೆ ಓವನ್ನಿನಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇರಬೇಕು. ಚೀಸು ಮೇಲಿದ್ದರೆ ಅಷ್ಟರಲ್ಲಿ ಸೀದುಹೋಗುತ್ತದೆ. ಟೊಮೆಟೊ ಮೇಲಿದ್ದರೆ ನೀರು ಬತ್ತಿ ಗಟ್ಟಿಯಾಗುತ್ತದೆ, ಚೀಸು ಕೆಳಗೆ ಬೆಚ್ಚಗೆ ಕರಗುತ್ತದೆ. ಅವಸರ ಮಾಡಿ ಬೇಗ ಹೊರಗೆ ತೆಗೆದರೆ ನಡುವಿನ ಹಿಟ್ಟು ಹಸಿ, ಮೇಲೆ ನೀರು ನೀರು. ಆಗ ಅದಕ್ಕೂ ಒಂದು ಸ್ಟಾರ್ ಬೀಳುತ್ತದೆ. ರಶ್ ಇರುವ ಕೆಲವು ಅಂಗಡಿಗಳಲ್ಲಿ ಅರ್ಧ ಬೇಯಿಸಿ ಇಟ್ಟುಕೊಳ್ಳುವುದೂ ಉಂಟು. ತಿಂದು ಪಳಗಿದವರು ಅದನ್ನು ತಳ ನೋಡಿಯೇ ಹೇಳುತ್ತಾರೆ. ತಳ ಕರಕರ ಅನ್ನುವುದಿಲ್ಲ.

ಹಾಗಾದರೆ ಪಿಜ್ಜಾ ಅಂದರೆ ಬೇಗ ಬರಬೇಕು ಅಂತ ನಮ್ಮ ತಲೆಗೆ ತುಂಬಿದ್ದು ಯಾರು? ಡಾಮಿನೋಸ್‌ನ ಪಾತ್ರ ದೊಡ್ಡದು ಅಂತ ನನಗನ್ನಿಸುತ್ತದೆ. ಅಮೆರಿಕದಲ್ಲಿ ಅವರು 30 ನಿಮಿಷದ ಗ್ಯಾರಂಟಿ ಕೊಟ್ಟಿದ್ದರು. ಡೆಲಿವರಿ ಹುಡುಗರು ಗಾಡಿ ಓಡಿಸುವ ರಭಸಕ್ಕೆ ಅಪಘಾತಗಳಾಗಿ, ಕೋರ್ಟಿನಲ್ಲಿ ಭಾರಿ ಪರಿಹಾರದ ತೀರ್ಪು ಬಂದ ಮೇಲೆ 1993ರಲ್ಲಿ ಅದನ್ನು ಇಲ್ಲಿ ಕೈಬಿಟ್ಟರು. ಬೆಂಗಳೂರಿನಲ್ಲಿ ಬೆಳೆದ ನನ್ನಂಥವರಿಗೆ ಅದಾದ ಮೇಲೂ ವರ್ಷಗಟ್ಟಲೆ ಅದೇ ಜಾಹೀರಾತು. ಮೂವತ್ತು ನಿಮಿಷದಲ್ಲಿ ಬರದಿದ್ದರೆ ಫ್ರೀ. ಪಿ.ಜಿ.ಯಲ್ಲಿ ಹುಡುಗಿಯರೆಲ್ಲ ಕಿಟಕಿ ಹತ್ತಿರ ನಿಂತು, ಇಪ್ಪತ್ತೆಂಟನೇ ನಿಮಿಷಕ್ಕೆ ಬೈಕ್ ಸದ್ದು ಕೇಳಿಸಿದರೆ "ಛೇ" ಅನ್ನುತ್ತಿದ್ದೆವು. ಹಸಿದಿದ್ದವರು ನಾವೇ, ಆ ಹುಡುಗ ತಡವಾಗಿ ಬರಲಿ ಅಂತ ಹಾರೈಸುತ್ತಿದ್ದವರೂ ನಾವೇ! ಅಂಥ ಪಾಠ ಕಲಿತ ತಲೆ ಶಿಕಾಗೋದಲ್ಲಿ ಬಂದು ಕೂತರೆ ಮೂವತ್ತೊಂದನೇ ನಿಮಿಷಕ್ಕೆ ಕುದಿಯಲು ಶುರುವಾಗುತ್ತದೆ.

ಮಜಾ ಏನಂದರೆ, ಇದೇ ಜನ ಬೇರೆ ಕಡೆ ಆರಾಮಾಗಿ ಕಾಯುತ್ತಾರೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನಲ್ಲಿ ಭಾನುವಾರ ಬೆಳಿಗ್ಗೆ ಹೆಸರು ಬರೆಸಿ ಕಾಯುವುದನ್ನು ಯಾರೂ ತಪ್ಪು ಅಂತ ಎಣಿಸುವುದಿಲ್ಲ. ಅಷ್ಟು ಹೊತ್ತು ಕಾದೆವು ಅಂತ ಹೆಮ್ಮೆಯಿಂದ ಬೇರೆ ಹೇಳಿಕೊಳ್ಳುತ್ತಾರೆ. ಅಲ್ಲಿ ಕಾಯುವುದು ಬಾಗಿಲಾಚೆ. ಟೇಬಲ್ ಸಿಕ್ಕಿದ ಮೇಲೆ ಎಲ್ಲ ಸರಸರ ಬರುತ್ತದೆ. ಇಲ್ಲಿ ಟೇಬಲ್ ತಕ್ಷಣ ಸಿಗುತ್ತದೆ, ಕಾಯುವುದು ಅದರ ಮುಂದೆ ಕೂತು. ಅದನ್ನೇ ಜನ ಸಹಿಸುವುದಿಲ್ಲ.

ಪಕ್ಕದ ಟೇಬಲ್ಲು

ಒಂದು ಚಳಿಗಾಲದ ರಾತ್ರಿ ನಮ್ಮ ಪಕ್ಕದ ಟೇಬಲ್ಲಿಗೆ ಒಬ್ಬ ಅಪ್ಪ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದ. ಚಿಕ್ಕದು ಆಗಲೇ ನಿದ್ದೆಗಣ್ಣಿನಲ್ಲಿತ್ತು. ವೇಟ್ರೆಸ್ ಬಂದು ಆರ್ಡರ್ ಬರೆದುಕೊಂಡಳು. ಎಷ್ಟು ಹೊತ್ತಾಗುತ್ತದೆ ಅಂತ ಅವಳು ಹೇಳಿದ್ದು ನನಗೇ ಕೇಳಿಸಿತು. ಅವನು ಆಗ ದೊಡ್ಡ ಮಗುವಿನ ಜಾಕೆಟ್ ಜಿಪ್ ಬಿಚ್ಚುವ ಗಡಿಬಿಡಿಯಲ್ಲಿದ್ದ. ತಲೆಯಾಡಿಸಿದ, ಕಿವಿಗೆ ಬಿದ್ದಂತೆ ಕಾಣಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕೈಗಡಿಯಾರ ನೋಡಿಕೊಂಡ. ಅರ್ಧ ಗಂಟೆಗೆ ಅವಳನ್ನು ಕರೆದು ಕೇಳಿದ. ಆಮೇಲೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ. ಅವಳು ಕಿಚನ್ ಬಾಗಿಲಿಗೂ ಟೇಬಲ್ಲಿಗೂ ನಡುವೆ ಓಡಾಡಿದಳು. ಚಿಕ್ಕದಕ್ಕೆ ಬ್ರೆಡ್‌ಸ್ಟಿಕ್ ತಂದುಕೊಟ್ಟಳು, ಅದಕ್ಕೆ ದುಡ್ಡು ಹಿಡಿಯಲಿಲ್ಲ ಅನ್ನಿಸುತ್ತದೆ. ಪಿಜ್ಜಾ ಬರುವ ಹೊತ್ತಿಗೆ ಮಗು ಬೆಂಚಿನ ಮೇಲೆ ಮಲಗಿಬಿಟ್ಟಿತ್ತು. ಅವನು ತಟ್ಟೆಗೂ ಹಾಕಿಸಿಕೊಳ್ಳದೆ ಡಬ್ಬಿಗೆ ತುಂಬಿಸಿಕೊಂಡು ಹೊರಟ. ಹೊರಡುವಾಗ ಬಿಲ್ಲಿನಲ್ಲಿ ಟಿಪ್ಸಿನ ಜಾಗಕ್ಕೆ ಒಂದು ಅಡ್ಡಗೆರೆ ಎಳೆದ. ಪೆನ್ನು ಓಡಿದ ರೀತಿಯಲ್ಲೇ ಗೊತ್ತಾಯಿತು, ಅದು ಅಂಕೆ ಅಲ್ಲ ಅಂತ.

ನನಗೆ ಅವನ ಮೇಲೂ ಸಿಟ್ಟು ಬರಲಿಲ್ಲ. ನಿದ್ದೆಗಣ್ಣಿನ ಮಗುವನ್ನು ಕಟ್ಟಿಕೊಂಡು ಕೂತವರಿಗೇ ಗೊತ್ತು ಆ ಮುಕ್ಕಾಲು ಗಂಟೆ ಎಷ್ಟು ಉದ್ದ ಅಂತ. ಆದರೆ ಓವನ್ನಿನ ತಪ್ಪಿಗೆ ದಂಡ ಕಟ್ಟಿದ್ದು ಆ ಹುಡುಗಿ. 2025ರಿಂದ ಇಲಿನಾಯ್ ರಾಜ್ಯದಲ್ಲಿ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್. ಟಿಪ್ಸ್ ಸಿಗುವ ಕೆಲಸದವರಿಗೆ ಮಾತ್ರ ಮಾಲೀಕರು 9 ಡಾಲರ್ ಕೊಟ್ಟರೆ ಸಾಕು, ಉಳಿದದ್ದು ಗಿರಾಕಿಯ ಕೈಯಿಂದ ಬರಬೇಕು. ಕಡಿಮೆ ಬಿದ್ದರೆ ಮಾಲೀಕರು ತುಂಬಿಕೊಡಬೇಕು ಅಂತ ಕಾನೂನು. ಶಿಕಾಗೋ ನಗರದೊಳಗೆ ಈ ಕಡಿಮೆ ದರವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ತೆಗೆದುಹಾಕುವ ನಿಯಮ 2024ರ ಜುಲೈಯಲ್ಲಿ ಶುರುವಾಯಿತು. ಸಬರ್ಬಿನಲ್ಲಿ ಅದಿಲ್ಲ. ಹೀಗಾಗಿ ಇಂಥ ಅಂಗಡಿಯಲ್ಲಿ ಗಿರಾಕಿಯ ಅಭಿಪ್ರಾಯ ಎರಡು ಕಡೆ ದಾಖಲಾಗುತ್ತದೆ. ಒಂದು ಫೋನಿನಲ್ಲಿ, ಇನ್ನೊಂದು ಬಿಲ್ಲಿನ ಕೆಳಗೆ. ಫೋನಿನಲ್ಲಿ "ಸರ್ವಿಸ್ ಸ್ಲೋ" ಅಂತ ಬರೆದ ಎಷ್ಟೋ ಮಂದಿ ನಿಜಕ್ಕೂ ಹೇಳಬೇಕಾಗಿದ್ದು ಹಿಟ್ಟು ದಪ್ಪ ಇದೆ ಅಂತ.

ಬರೆಯುವವರು ಯಾರು

ಇಲ್ಲಿ ಹುಟ್ಟಿ ಬೆಳೆದವರನ್ನು ಕೇಳಿ ನೋಡಿ. ಶುಕ್ರವಾರ ರಾತ್ರಿ ಅವರ ಮನೆಗೆ ಬರುವುದು ಡೀಪ್ ಡಿಶ್ ಅಲ್ಲ. ಟಾವರ್ನ್ ಸ್ಟೈಲ್ ಅನ್ನುವ ತೆಳ್ಳನೆಯ ಪಿಜ್ಜಾ. ತ್ರಿಕೋನವಾಗಿ ಅಲ್ಲ, ಚೌಕ ಚೌಕವಾಗಿ ಕತ್ತರಿಸಿದ್ದು, ಬಿಯರ್ ಜೊತೆ ಒಂದೊಂದೇ ಬಾಯಿಗೆ ಹಾಕಿಕೊಳ್ಳುವಂಥದ್ದು. ಡೀಪ್ ಡಿಶ್ ಅವರಿಗೆ ನೆಂಟರು ಬಂದಾಗಿನ ಊಟ. ನನ್ನ ಆಫೀಸಿನ ಒಬ್ಬರು ಹೇಳುವ ಪ್ರಕಾರ ವರ್ಷಕ್ಕೆ ಎರಡು ಸಲ ತಿಂದರೆ ಜಾಸ್ತಿ, ಅದೂ ಊರಾಚೆಯಿಂದ ತಂಗಿ ಬಂದರೆ. ಅಂದರೆ ಈ ಅಂಗಡಿಗಳ ಬಗ್ಗೆ ಬರೆಯುವವರಲ್ಲಿ ಬಹಳ ಮಂದಿ ಮೊದಲ ಸಲ ತಿಂದವರು. ಓಹೇರ್ ಏರ್‌ಪೋರ್ಟಿನಿಂದ ಹೋಟೆಲಿಗೆ, ಹೋಟೆಲಿನಿಂದ ಬೀನ್ ಅನ್ನುವ ಹೊಳೆಯುವ ಉಕ್ಕಿನ ಶಿಲ್ಪ ನೋಡಲು, ಅಲ್ಲಿಂದ ಪಿಜ್ಜಾಗೆ ಬಂದವರು. ಅವರು ಹೋಲಿಸುವುದು ತಮ್ಮ ಊರಿನ ಪಿಜ್ಜಾ ಜೊತೆ. ನ್ಯೂಯಾರ್ಕಿನವರಾದರಂತೂ ಮುಗಿದೇ ಹೋಯಿತು. 2013ರಲ್ಲಿ ಹಾಸ್ಯಗಾರ ಜಾನ್ ಸ್ಟೀವರ್ಟ್ ಅಲ್ಲಿಂದ ಟಿವಿಯಲ್ಲಿ ಇದು ಪಿಜ್ಜಾನೇ ಅಲ್ಲ ಅಂತ ಮನಸಾರೆ ಬೈದಿದ್ದರು. ಇವತ್ತಿಗೂ ಒಂದು ಸ್ಟಾರಿನ ರಿವ್ಯೂಗಳಲ್ಲಿ ಆ ಬೈಗುಳದ ಕಾಪಿ ಸಿಗುತ್ತದೆ. ವಾರ ವಾರ ಬಂದು ಅದೇ ಮೂಲೆಯಲ್ಲಿ ಕೂತು, ಮೆನು ತೆರೆಯದೆ ಆರ್ಡರ್ ಮಾಡಿ ಹೋಗುವ ಅಜ್ಜ-ಅಜ್ಜಿ ಇದ್ದಾರಲ್ಲ, ಅವರು ಒಂದಕ್ಷರ ಬರೆದಿರುವುದಿಲ್ಲ. ಅವರಿಗೆ ಹೇಳುವಂಥದ್ದೇನೂ ಆಗಿರುವುದಿಲ್ಲ.

ಊರಿನವರೇ ಬರೆದರೆ ಅದು ಬೇರೆ ಥರದ ಜಗಳ. ಡೀಪ್ ಡಿಶ್ ಶುರುವಾಗಿದ್ದು 1943ರಲ್ಲಿ, ಓಹಾಯೋ ಮತ್ತು ವಾಬಾಶ್ ರಸ್ತೆಗಳು ಕೂಡುವಲ್ಲಿ ಐಕ್ ಸ್ಯೂವೆಲ್ ಮತ್ತು ರಿಕ್ ರಿಕಾರ್ಡೋ ತೆರೆದ ಅಂಗಡಿಯಲ್ಲಿ. ಈಗ ಅದು ಪಿಜ್ಜೇರಿಯಾ ಊನೋ. ಆದರೆ ಆ ಹಿಟ್ಟನ್ನು ಮೊದಲು ಕಲಸಿದ್ದು ಯಾರ ಕೈ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಅಲ್ಲೇ ಕೆಲಸ ಮಾಡುತ್ತಿದ್ದ ರೂಡಿ ಮಾಲ್ನಾಟಿ ಅಂತ ಕೆಲವರು ಹೇಳುತ್ತಾರೆ. ಅವರ ಮಗ ಲೂ 1971ರಲ್ಲಿ ಲಿಂಕನ್‌ವುಡ್‌ನಲ್ಲಿ ತಮ್ಮದೇ ಅಂಗಡಿ ಹಾಕಿದರು. ಊನೋದ ಅಡುಗೆಮನೆಯಲ್ಲೇ ಇದ್ದ ಆಲಿಸ್ ಮೇ ರೆಡ್ಮಂಡ್ ಅನ್ನುವ ಕಪ್ಪು ಹೆಂಗಸು, ಆಮೇಲೆ 1966ರಲ್ಲಿ ಶುರುವಾದ ಜೀನೋಸ್ ಈಸ್ಟ್‌ಗೆ ಹೋಗಿ ಅಲ್ಲಿನ ಹಿಟ್ಟಿಗೂ ಕೈ ಹಚ್ಚಿದರು. ಬೋರ್ಡಿನ ಮೇಲೆ ಹೆಸರು ಬಂದಿದ್ದು ಗಂಡಸರದ್ದು. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ, ನಿಮಗೂ ಆಗಲಿಕ್ಕಿಲ್ಲ. 1974ರಲ್ಲಿ ಬಂದ ಜಿಯೋರ್ಡಾನೋಸ್ ಅವರದ್ದು ಸ್ಟಫ್ಡ್ ಪಿಜ್ಜಾ, ಚೀಸಿನ ಮೇಲೆ ಹಿಟ್ಟಿನ ಇನ್ನೊಂದು ತೆಳು ಪದರ. ಪೀಕ್ವಾಡ್ಸ್‌ನಲ್ಲಿ ಅಂಚಿಗೆ ಚೀಸು ಹಚ್ಚಿ ಬೇಕಂತಲೇ ಕಪ್ಪಗೆ ಕರಕಲು ಮಾಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಮನೆದೇವರು. ನಮ್ಮ ಸಬರ್ಬಿನ ಅಂಗಡಿಗೆ ಬಂದವರು ಆ ದೇವರ ಹೆಸರು ಹೇಳಿ ಇಲ್ಲಿ ಒಂದು ಸ್ಟಾರ್ ಕಿತ್ತುಕೊಂಡು ಹೋಗುತ್ತಾರೆ. ಅಂಚು ಸೀದಿದೆ ಅಂತ ಒಬ್ಬರು ಗೊಣಗಿದ ದಿನವೇ, ಅಂಚು ಸೀದಿಲ್ಲ ಅಂತ ಇನ್ನೊಬ್ಬರು ಕೊರಗಿದ್ದನ್ನು ನಾನು ಓದಿದ್ದೇನೆ.

ಇದನ್ನೆಲ್ಲ ನಕ್ಕು ಬಿಡೋಣ ಅಂದರೆ ಅದರ ಹಿಂದೆ ದುಡ್ಡಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಸಿಯಾಟಲ್ ಊರಿನ ರೆಸ್ಟೋರೆಂಟುಗಳ ಲೆಕ್ಕ ಹಾಕಿದರು. ಯೆಲ್ಪ್ ಅನ್ನುವ ರಿವ್ಯೂ ತಾಣದಲ್ಲಿ ಒಂದು ಸ್ಟಾರ್ ಏರಿದರೆ ವ್ಯಾಪಾರ 5ರಿಂದ 9 ಶೇಕಡಾ ಏರುತ್ತದೆ ಅಂತ ಕಂಡುಬಂತು. ಆ ಏರಿಕೆ ಒಂಟಿ ಅಂಗಡಿಗಳಿಗೆ ಮಾತ್ರ, ಚೈನ್‌ಗಳಿಗೆ ಅಲ್ಲ. ಅರ್ಥ ಆಗುವಂಥದ್ದೇ. ಚೈನ್‌ನಲ್ಲಿ ಏನು ಸಿಗುತ್ತದೆ ಅಂತ ನಮಗೆ ಮೊದಲೇ ಗೊತ್ತು. ಗೊತ್ತಿಲ್ಲದ ಕಡೆ ಅಪರಿಚಿತರ ಮಾತು ನಂಬುತ್ತೇವೆ. ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಮನೆಗೆ ಹೋದ ಆ ಅಪ್ಪನ ಮಾತನ್ನೂ.

ಕಾರಿನೊಳಗಿನ ರಿವ್ಯೂ

ಇನ್ನು ನಮ್ಮವರ ಕಥೆ. ಅರಸೀಕೆರೆಯಿಂದ ನನ್ನ ಸೋದರಮಾವ ಬಂದಿದ್ದರು. ಲೆಮಾಂಟಿನ ದೇವಸ್ಥಾನಕ್ಕೆ ಹೋಗಿ ವಾಪಸ್ ಬರುವಾಗ, "ಶಿಕಾಗೋಗೆ ಬಂದು ಇದನ್ನ ತಿನ್ನದೆ ಹೋಗ್ತೀರಾ ಮಾವ" ಅಂತ ಅದೇ ಅಂಗಡಿಗೆ ಕರೆದುಕೊಂಡು ಹೋದೆವು. ಪಾಲಕ್, ಈರುಳ್ಳಿ, ಅರ್ಧ ಭಾಗಕ್ಕೆ ಹಲಪೀನ್ಯೋ. ಮಾವ ಕಾಯುವುದಕ್ಕೆ ಏನೂ ಅನ್ನಲಿಲ್ಲ. ಪ್ಯಾನು ಯಾವ ಲೋಹದ್ದು, ಓವನ್ನಿಗೆ ಕರೆಂಟೋ ಗ್ಯಾಸೋ, ಮಧ್ಯಾಹ್ನದ ಹೊತ್ತು ಇಷ್ಟು ಖಾಲಿ ಇದ್ದರೆ ಬಾಡಿಗೆ ಹೇಗೆ ಕಟ್ಟುತ್ತಾರೆ ಅಂತ ಕೇಳುತ್ತಾ ಕೂತಿದ್ದರು.

ಪಿಜ್ಜಾ ಬಂತು. ಇಕ್ಕಳದಲ್ಲಿ ಹಿಡಿದ ಕಪ್ಪು ಪ್ಯಾನನ್ನು ವೇಟ್ರೆಸ್ ಮೇಜಿನ ನಡುವೆ ಇಟ್ಟಳು. ಟೊಮೆಟೊ ಇನ್ನೂ ಅಂಚಿನಲ್ಲಿ ಕುದಿಯುತ್ತಿತ್ತು. ಮೊದಲ ತುಂಡು ತೆಗೆದುಕೊಡುವುದು ಅವರದ್ದೇ ಪದ್ಧತಿ. ಸಟ್ಟುಗವನ್ನು ಪ್ಯಾನಿನ ಗೋಡೆಗುಂಟ ಇಳಿಸಿ, ತಳ ಬಿಡಿಸಿ, ನಿಧಾನಕ್ಕೆ ಎತ್ತಿದಳು. ಚೀಸಿನ ಎಳೆ ಮಾವನ ತಟ್ಟೆಯ ತನಕ ಬಂದರೂ ಕಡಿಯಲಿಲ್ಲ. ಅವಳು ಮಣಿಕಟ್ಟು ತಿರುಗಿಸಿ ಆ ಎಳೆಯನ್ನು ಸಟ್ಟುಗದ ತುದಿಗೇ ಸುತ್ತಿ ಕಡಿದಳು. ಮಾವ ಅದನ್ನು ಬಹಳ ಮೆಚ್ಚಿಕೊಂಡು ನೋಡಿದರು. ಚಾಕು-ಫೋರ್ಕಿನ ಜೊತೆ ಸ್ವಲ್ಪ ಗುದ್ದಾಡಿ, ಆಮೇಲೆ ಕೈಗೆ ಇಳಿದರು. ಒಂದು ತುಂಡು ಮುಗಿಯುವಷ್ಟರಲ್ಲಿ ಹಿಂದಕ್ಕೆ ಒರಗಿ ಕೂತರು. ಅವಳು ಬಂದು ಹೇಗಿದೆ ಅಂತ ಕೇಳಿದಾಗ ಎರಡೂ ಕೈ ಎತ್ತಿ, "ವೆರಿ ಗುಡ್, ವೆರಿ ಗುಡ್" ಅಂದರು.

ಕಾರಿನ ಬಾಗಿಲು ಹಾಕಿದ ಮೇಲೆ ಅಸಲಿ ರಿವ್ಯೂ ಶುರುವಾಯಿತು. "ತಳ ಚೆನ್ನಾಗಿದೆ ಕಣೇ. ಬೆಣ್ಣೆ ಬಿಸ್ಕತ್ತಿನ ಹಾಗೆ ಮುರಿಯತ್ತೆ. ಆದ್ರೆ ಆ ಟೊಮೆಟೊಗೆ ಒಂದು ಒಗ್ಗರಣೆ ಬೇಡ್ವಾ? ಉಪ್ಪಿಲ್ಲ, ಖಾರ ಇಲ್ಲ. ಚೀಸು ಹಾಕೋರಿಗೆ ಕೈ ಹಿಡಿತ ಇಲ್ಲ." ಬೆಲೆ ಕೇಳಿದರು, ರೂಪಾಯಿಗೆ ಗುಣಿಸಿದರು, ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮವರ ಅಭಿಪ್ರಾಯ ಅಂಗಡಿಗೆ ಯಾವತ್ತೂ ತಲುಪುವುದಿಲ್ಲ ಅಂತ ನನಗೆ ಅನ್ನಿಸಿದ್ದು ಆಗ. ಎದುರಿಗೆ ಕೇಳಿದರೆ ವೆರಿ ಗುಡ್. ಫೋನಿನಲ್ಲಿ ಬರೆಯುವುದಿಲ್ಲ. ನಿಜವಾದದ್ದೆಲ್ಲ ಕಾರಿನಲ್ಲಿ, ಇಲ್ಲವೇ ವಾಟ್ಸಾಪ್ ಗುಂಪಿನಲ್ಲಿ. ನಮ್ಮ ಕನ್ನಡದವರ ಗುಂಪಿನಲ್ಲಿ ಈ ಅಂಗಡಿಯ ಬಗ್ಗೆ ಇರುವಷ್ಟು ಕೆಲಸಕ್ಕೆ ಬರುವ ಮಾಹಿತಿ ಬೇರೆಲ್ಲೂ ಇಲ್ಲ. ಮನೆ ಬಿಡುವಾಗಲೇ ಫೋನ್ ಮಾಡಿ ಆರ್ಡರ್ ಹೇಳಿ. "ವೆಲ್ ಡನ್" ಅಂತ ಕೇಳಿ, ತಳ ಗರಿಯಾಗಿ ಬರುತ್ತದೆ. ಚೀಸಿಗೆ ಪ್ರಾಣಿಯ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆದು ಹಾಲು ಒಡೆಸಲು ಬಳಸುವುದು) ಹಾಕುತ್ತಾರಾ ಅಂತ ಮೊದಲೇ ವಿಚಾರಿಸಿ, ಅದೇ ಪ್ಯಾನಿನಲ್ಲಿ ಸಾಸೇಜೂ ಬೇಯುತ್ತದೆ, ಅದು ಒಗ್ಗದವರು ಹೋಗಬೇಡಿ. ಮನೆಗೆ ತರಿಸುವುದಾದರೆ ಡಬ್ಬಿಯೊಳಗಿನ ಹಬೆಗೆ ತಳ ಮೆತ್ತಗಾಗುತ್ತದೆ, ಅರ್ಧ ಬೇಯಿಸಿದ್ದನ್ನು ತಂದು ಮನೆಯ ಓವನ್ನಿನಲ್ಲಿ ಮುಗಿಸಿ. ಜೊತೆಗೆ ಜಾರ್ಡಿನೇರಾ ಕೇಳಿ ತೆಗೆದುಕೊಳ್ಳಿ. ಎಣ್ಣೆಯಲ್ಲಿ ಮುಳುಗಿಸಿದ ಖಾರದ ಮೆಣಸಿನಕಾಯಿ, ಹೂಕೋಸು, ಕ್ಯಾರೆಟ್, ಸೆಲರಿ. ಈ ಊರಿನವರು ಬೀಫ್ ಸ್ಯಾಂಡ್‌ವಿಚ್ಚಿಗೆ ಹಾಕಿಕೊಳ್ಳುವುದು, ಪಿಜ್ಜಾಗೂ ಹಾಕುತ್ತಾರೆ. ಮಾವನಿಗೆ ಅದನ್ನು ಮೊದಲೇ ಕೊಡಿಸಿದ್ದರೆ ಒಗ್ಗರಣೆಯ ಮಾತೇ ಬರುತ್ತಿರಲಿಲ್ಲ ಅಂತ ಗಂಡನ ವಾದ.

ಮಾರನೇ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಮಾವ ಅಡುಗೆಮನೆಯಲ್ಲಿದ್ದರು. ಉಳಿದ ತುಂಡೊಂದನ್ನು ಕಬ್ಬಿಣದ ಕಾವಲಿ ಮೇಲಿಟ್ಟು, ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತಿದ್ದರು. ಮೇಲೆ ಅಚ್ಚಖಾರದ ಪುಡಿ ಉದುರಿಸಿದ್ದರು. "ನಿನ್ನೆಗಿಂತ ಇವತ್ತೇ ಚೆನ್ನಾಗಿದೆ" ಅಂದರು. ನಾನೂ ತಿಂದೆ. ನಿಜ. ರಾತ್ರಿಯಿಡೀ ಟೊಮೆಟೊ ಕೂತು ಚೀಸಿಗೆ ಬೆರೆತಿತ್ತು, ತಳ ಮತ್ತೆ ಗರಿಯಾಗಿತ್ತು. ಈ ಪಿಜ್ಜಾವನ್ನು ಒಂದೇ ಸಲ ಖಾಲಿ ಮಾಡುವವರು ಕಡಿಮೆ, ಅರ್ಧಕ್ಕರ್ಧ ಡಬ್ಬಿಯಲ್ಲಿ ಮನೆಗೆ ಹೋಗುತ್ತದೆ. ಅಂದರೆ ಇದರ ಅರ್ಧ ಊಟ ಮಾರನೇ ದಿನದ್ದು. ರಿವ್ಯೂ ಮಾತ್ರ ರಾತ್ರಿಯೇ, ಪಾರ್ಕಿಂಗ್ ಲಾಟಿನಲ್ಲೇ ಮುಗಿದಿರುತ್ತದೆ. ಬೆಳಿಗ್ಗೆ ಎದ್ದು ತಿಂದು, ಇನ್ನೊಂದು ಸ್ಟಾರ್ ಸೇರಿಸಿದವರನ್ನು ನಾನು ಇನ್ನೂ ನೋಡಿಲ್ಲ.

ಮೆನುವಿನ ಹೊಸ ಸಾಲು

ಹೀಗಾಗಿ ಈಗ ನಾನು ಓದುವ ಕ್ರಮವೇ ಬದಲಾಗಿದೆ. ಐದು ಮತ್ತು ಒಂದನ್ನು ಸುಮ್ನೆ ಮಜಾಕ್ಕೆ ಓದುತ್ತೇನೆ. ನಂಬುವುದು ಮೂರು ಸ್ಟಾರಿನವರನ್ನು. ಅವರಿಗೆ ಸಿಟ್ಟೂ ಇಲ್ಲ, ಹುಟ್ಟುಹಬ್ಬದ ಸಂಭ್ರಮವೂ ಇಲ್ಲ, ಪಿಜ್ಜಾದ ಬಗ್ಗೆಯೇ ಬರೆಯುತ್ತಾರೆ. ಪಾಲಕ್ಕನ್ನು ಸರಿಯಾಗಿ ಹಿಂಡಿರಲಿಲ್ಲ, ನೀರು ಬಿಟ್ಟುಕೊಂಡಿತು ಅಂತ ಒಬ್ಬರು ಬರೆದಿದ್ದರು. ಅವರು ಅಡುಗೆ ಗೊತ್ತಿರುವವರು. ಆಮೇಲೆ ಹೋದಾಗ ನಾನೂ ನೋಡಿದೆ, ಪಾಲಕ್ ಇದ್ದ ಕಡೆ ತಳ ಒದ್ದೆ. ಈಗ ಅದರ ಬದಲು ಅಣಬೆ ಹೇಳುತ್ತೇವೆ.

ಅಂಗಡಿಯವರೂ ರಿವ್ಯೂ ಓದುತ್ತಾರೆ ಅಂತ ಕಾಣುತ್ತದೆ. ಹೋದ ಬೇಸಿಗೆಯಲ್ಲಿ ಮೆನು ಹೊಸದಾಗಿ ಅಚ್ಚಾಗಿ ಬಂತು. ಡೀಪ್ ಡಿಶ್ ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾರೆ, ತಯಾರಾಗಲು 45 ನಿಮಿಷ ಬೇಕು ಅಂತ. ಇನ್ನು ಮೇಲೆ ಗಡಿಯಾರದ ಜಗಳ ಮುಗಿಯಿತು ಅಂದುಕೊಂಡೆ. ಮೊನ್ನೆ ಅಲ್ಲೇ ಕೂತು ಓದುತ್ತಿದ್ದಾಗ ಹೊಸದೊಂದು ಸಿಕ್ಕಿತು. ಮೆನುವಿನಲ್ಲಿ 45 ಅಂತ ಹಾಕಿದ್ದಾರೆ, ನಮಗೆ 52 ಆಯಿತು, ಹೇಳಿದ ಮಾತು ಉಳಿಸಿಕೊಳ್ಳದ ಅಂಗಡಿ, ಎರಡು ಸ್ಟಾರ್. ಗಂಡನಿಗೆ ಓದಿ ಹೇಳಿದೆ. "ನೋಡು, ಒಂದು ಸ್ಟಾರ್ ಜಾಸ್ತಿ ಆಯ್ತಲ್ವಾ" ಅಂದ.